ಘಟ್ಟದಮ್ಮನಲ್ಲಿ ಏಳಲ್ಲ, ಎಂಟು ಜನರಿದ್ದೆವು

ಬಂದರು ಕಚೇರಿಯ ಮಹಡಿಯ ಮೇಲೆ ಸಮುದ್ರಕ್ಕೆ ಬೆನ್ನು ಹಾಕಿ ಕೂರುವ ಮಾನ್ಯ ಅಧಿಕಾರಿಗಳೇ,

ಮೂರು ವರ್ಷದ ಹಿಂದೆ, ಮಾರ್ಚ್ ತಿಂಗಳಲ್ಲಿ, ‘ಅಂತರಘಟ್ಟಮ್ಮ’ ಎಂಬ ಮರದ ಮಂಜಿ ದ್ವೀಪಕ್ಕೆ ಸರಕು ಹೊತ್ತು ಹೋಗುವಾಗ ಮುಳುಗಿತು. ಅದರ ಬಗ್ಗೆ ನಿಮ್ಮ ಕಚೇರಿ ಒಂದೂವರೆ ಪುಟದ ವರದಿ ಬರೆದಿದೆ. ಕೊನೆಯ ಸಾಲು ಹೀಗಿದೆ: “ನೌಕೆಯಲ್ಲಿದ್ದವರು ಏಳು, ರಕ್ಷಿಸಲ್ಪಟ್ಟವರು ಏಳು, ಪ್ರಾಣಹಾನಿ ಇರುವುದಿಲ್ಲ.” ಈ ಸಾಲು ಸುಳ್ಳು. ಮಂಜಿಯಲ್ಲಿ ನಾವು ಎಂಟು ಜನರಿದ್ದೆವು. ಎಂಟನೆಯವನ ಹೆಸರು ಕೆಂಚೇಶ್, ಜಗಳೂರು ತಾಲ್ಲೂಕಿನವನು, ಹದಿನಾಲ್ಕು ವರ್ಷ ನಮಗೆ ಅಡುಗೆ ಮಾಡಿ ಹಾಕಿದ ಭಂಡಾರಿ. ಅವನು ವಾಪಸ್ ಬರಲಿಲ್ಲ. ಈ ಒಂದು ಮಾತನ್ನು ನಿಮ್ಮ ಕಾಗದದ ಮೇಲೆ ಬರೆಸಲು ನಾನು ಹನ್ನೊಂದು ಅರ್ಜಿ ಹಾಕಿದ್ದೇನೆ, ನಾಲ್ಕು ಸಲ ಘಟ್ಟ ಇಳಿದು ಬಂದಿದ್ದೇನೆ. ಹನ್ನೆರಡನೆಯದನ್ನು ನಿಮ್ಮ ಟಪಾಲು ಪೆಟ್ಟಿಗೆಗೆ ಹಾಕುವ ಬದಲು ಪತ್ರಿಕೆಗೆ ಕೊಡುತ್ತಿದ್ದೇನೆ. ಪೆಟ್ಟಿಗೆಯಲ್ಲಿ ಹಾಕಿದ್ದನ್ನು ಯಾರೂ ಓದಲಿಲ್ಲ. ಇದನ್ನು ಕನಿಷ್ಠ ಮಂಡಕ್ಕಿ ಕಟ್ಟಿಕೊಡುವವನಾದರೂ ಓದುತ್ತಾನೆ.

ಹನ್ನೊಂದು ಅರ್ಜಿಗಳಿಗೆ ಸೇರಿ ನೀವು ಒಂದೇ ಉತ್ತರ ಕೊಟ್ಟಿದ್ದೀರಿ. “ಸಿಬ್ಬಂದಿ ಪಟ್ಟಿಯಲ್ಲಿ ಹೆಸರಿಲ್ಲದ ವ್ಯಕ್ತಿಯು ನೌಕೆಯಲ್ಲಿದ್ದರೆಂದು ಪರಿಗಣಿಸಲು ಅವಕಾಶವಿರುವುದಿಲ್ಲ.” ಎಂಥ ಸೊಗಸಾದ ವಾಕ್ಯ! ಸಮುದ್ರಕ್ಕೂ ಇದನ್ನು ಯಾರಾದರೂ ಓದಿ ಹೇಳಬೇಕಿತ್ತು. ಪಟ್ಟಿ ನೋಡಿ, ಹೆಸರಿಲ್ಲದವನನ್ನು ಮುಳುಗಿಸಲು ಅವಕಾಶವಿಲ್ಲ ಅಂತ ಅದು ಕೆಂಚೇಶನನ್ನು ದಡಕ್ಕೆ ತಂದು ಬಿಡುತ್ತಿತ್ತೋ ಏನೋ. ಬಾಯಲ್ಲಿ ಬಂದ ಉತ್ತರ ಇನ್ನೂ ಚೆನ್ನಾಗಿತ್ತು. ನಿಮ್ಮ ಗುಮಾಸ್ತರು ನಕ್ಕು ಕೇಳಿದರು: “ಅಜ್ಜ, ಜಗಳೂರಿನಲ್ಲಿ ಕುಡಿಯಲಿಕ್ಕೇ ನೀರಿಲ್ಲ ಅಂತಾರಲ್ಲ, ಅಲ್ಲಿಯವ ಸಮುದ್ರದಲ್ಲಿ ಸಾಯುವುದು ಹೇಗೆ ಮಾರಾಯ್ರೆ?” ಸ್ವಾಮಿ, ಸಾವಿಗೆ ತಾಲ್ಲೂಕಿನ ಗಡಿ ಗೊತ್ತಿದ್ದರೆ ನಾವೆಲ್ಲ ಆ ಗಡಿ ದಾಟಿ ಬದುಕಿಕೊಳ್ಳುತ್ತಿರಲಿಲ್ಲವೇ?

ಇಷ್ಟೆಲ್ಲ ಮಾತಾಡಲು ನೀನು ಯಾರು ಎಂದು ಕೇಳುತ್ತೀರಿ. ಹೇಳುತ್ತೇನೆ. ಹೇಳಲು ನನಗೆ ಬಹಳ ಇಷ್ಟ. ನಾನು ಹಾಲಸ್ವಾಮಿ, ಈಗಿರುವುದು ನ್ಯಾಮತಿಯಲ್ಲಿ. ಓದಿದ್ದು ಊರಿನ ಶಾಲೆಯಲ್ಲಿ, ಆರನೇ ಕ್ಲಾಸಿನವರೆಗೆ. ಆದರೆ ನನ್ನ ಕೈಬರಹ ನೋಡಿ ನಮ್ಮ ಮೇಷ್ಟ್ರು ಹೇಳಿದ್ದರು, ಇವನು ಓದಲಿ ಬಿಡಲಿ, ಇವನ ಅಕ್ಷರ ಡಿಗ್ರಿ ಪಾಸಾಗಿದೆ ಅಂತ. ಹೊನ್ನಾಳಿಯಲ್ಲಿ ತುಂಗಭದ್ರೆಯ ಮೇಲೆ ನನ್ನ ಸೋದರಮಾವ ಹರಿಗೋಲು ಹಾಕುತ್ತಿದ್ದರು. ಹನ್ನೆರಡನೇ ವಯಸ್ಸಿಗೆ, ಹೊಳೆ ಕೆಂಪಗೆ ಹರಿಯುವಾಗ, ಎಂಟು ಜನರನ್ನೂ ಎರಡು ಆಡುಗಳನ್ನೂ ಕೂರಿಸಿಕೊಂಡು ಒಬ್ಬನೇ ಆಚೆ ದಡ ಮುಟ್ಟಿಸಿದವನು ನಾನು. (ಆಡು ಮೂರಿದ್ದವು. ಒಂದು ಮಧ್ಯದಲ್ಲಿ ಹಾರಿತು. ಅದು ಅದರ ತಪ್ಪು.) ಇಪ್ಪತ್ತೊಂದನೇ ವಯಸ್ಸಿಗೆ ಚನ್ನಗಿರಿಯಿಂದ ಅಡಿಕೆ ಹೊತ್ತ ಲಾರಿಯಲ್ಲಿ ಕ್ಲೀನರಾಗಿ ನಿಮ್ಮ ಬಂದರಿಗೆ ಬಂದೆ. ಲಾರಿ ಕೆಟ್ಟು ಮೂರು ದಿನ ನಿಂತಿತು. ಮೂರನೇ ದಿನ ಸಂಜೆ ಲಾರಿ ಹೊರಟಾಗ ಕ್ಲೀನರ್ ಅದರಲ್ಲಿರಲಿಲ್ಲ. ಅವನು ಧಕ್ಕೆಯ ಕಟ್ಟೆಗೆ ಕಟ್ಟಿದ್ದ ಒಂದು ಮಂಜಿಯ ಮೇಲೆ ಹಗ್ಗ ಸುತ್ತುತ್ತಿದ್ದ.

ಮಂಜಿ ಅಂದರೆ ಹಾಯಿ ಕಟ್ಟುವ ಮರದ ಸರಕು ಹಡಗು. ನಿಮಗಲ್ಲ, ನಮ್ಮ ಒಳನಾಡಿನ ಓದುಗರಿಗೆ ಹೇಳುತ್ತಿದ್ದೇನೆ. ಆದರೂ ನಿಮ್ಮ ವರದಿಯಲ್ಲಿ “ಹಳೆಯ ಮರದ ನೌಕೆ, ಉಳಿಕೆ ಮೌಲ್ಯ ಶೂನ್ಯ” ಅಂತ ಬರೆದದ್ದು ನೋಡಿದರೆ ನಿಮಗೂ ಹೇಳಬೇಕೇನೋ ಅನ್ನಿಸುತ್ತದೆ. ಈ ಶೂನ್ಯ ಮೌಲ್ಯದ ನೌಕೆಗೆ ಎರಡು ಕಂಬ, ಮೂರು ಹಾಯಿ. ಕಟ್ಟಿಸಿದ ಸಾವುಕಾರರು ಕರಾವಳಿಯವರು, ಪ್ರತಿ ವರ್ಷ ಅಡಿಕೆ ಕೊಳ್ಳಲು ಚನ್ನಗಿರಿಗೆ ಬರುತ್ತಿದ್ದರು. ಮಂಜಿಯ ಕೆಲಸ ಅರ್ಧವಾಗಿದ್ದಾಗ ಹೊಳೆ ಉಕ್ಕಿ ಮರವೆಲ್ಲ ಕೊಚ್ಚಿಹೋಗುವ ಹಾಗಾಯಿತಂತೆ. ಅವರು ಆಗ ಚನ್ನಗಿರಿಯಲ್ಲಿದ್ದರು. ಇದ್ದಲ್ಲಿಂದಲೇ ಅಂತರಘಟ್ಟಮ್ಮನಿಗೆ ಕೈ ಮುಗಿದು, ತಾಯಿ, ಮರ ಉಳಿದರೆ ಅದಕ್ಕೆ ನಿನ್ನ ಹೆಸರು ಅಂದರಂತೆ. ಮರ ಉಳಿಯಿತು. ಹೀಗೆ ನಮ್ಮ ಸೀಮೆಯ ದೇವಿ ಸಮುದ್ರಕ್ಕಿಳಿದಳು. ಧಕ್ಕೆಯವರ ಬಾಯಲ್ಲಿ ಆ ಉದ್ದ ಹೆಸರು ನಿಲ್ಲದೆ ‘ಘಟ್ಟದಮ್ಮ’ ಆಯಿತು. ಘಟ್ಟದ ಮೇಲಿನವನಾದ ನನಗೆ ಅವಳ ಮೇಲೆ ಅರ್ಧ ಹಕ್ಕು ಇದೆ ಅಂತ ನಾನು ಮೊದಲ ದಿನವೇ ತೀರ್ಮಾನಿಸಿದ್ದೆ.

ನಲವತ್ತೆಂಟು ವರ್ಷ ದುಡಿದಳು ಆಕೆ. ದ್ವೀಪದಲ್ಲಿ ಒಂದು ಶಾಲೆಯಿದೆ, ಅದರ ಇಟ್ಟಿಗೆ, ಹೆಂಚು, ಕಿಟಕಿಯ ಸರಳು, ಗಂಟೆ ಎಲ್ಲ ಅವಳ ಬೆನ್ನ ಮೇಲೆ ಹೋದದ್ದು. ಅಕ್ಕಿ, ಸಿಮೆಂಟ್, ಜಲ್ಲಿ, ಮದುವೆಯ ಮಂಚ, ಹಾಲು ಕೊಡುವ ಹಸು, ಒಂದು ಸಲ ಇಡೀ ಕ್ಷೌರದಂಗಡಿ, ಕನ್ನಡಿ ಸಮೇತ. ವಾಪಸ್ ಬರುವಾಗ ಕೊಬ್ಬರಿ, ಒಣಮೀನು. ಜಗಳೂರು ಸೀಮೆಯ ಈರುಳ್ಳಿ ದ್ವೀಪದವರ ಒಗ್ಗರಣೆಗೆ ಬೀಳುತ್ತಿದ್ದುದು ಇವಳಿಂದ. ಮಳೆಗಾಲ ಬಂತೆಂದರೆ ಹೊಳೆಯ ಬಾಯಿಗೆ ಎಳೆದು, ತೆಂಗಿನ ಮಡಲು ಹೊದಿಸಿ ಮಲಗಿಸುತ್ತಿದ್ದೆವು. ಮಳೆ ಬಿಟ್ಟ ಮೇಲೆ ಹಲಗೆಯ ಸಂದುಸಂದಿಗೂ ಹತ್ತಿ ತುರುಕಿ, ಎಣ್ಣೆ ಕುಡಿಸಿ, ಹೊಟ್ಟೆಗೆ ಮೀನೆಣ್ಣೆ ಸುಣ್ಣ ಬಳಿದು ಎಬ್ಬಿಸುತ್ತಿದ್ದೆವು. ಬಾಣಂತಿಗೆ ಎಣ್ಣೆ ನೀರು ಹಾಕಿದ ಹಾಗೆ. ಆಮೇಲೆ ಡೀಸೆಲ್ ಎಂಜಿನ್ ಕೂರಿಸಿದರು. ಆದರೂ ಗಾಳಿ ಸಿಕ್ಕರೆ ನಾವು ಹಾಯಿ ಬಿಚ್ಚುತ್ತಿದ್ದೆವು. ಚುಕ್ಕಾಣಿ ನನ್ನ ಕೈಯಲ್ಲಿದ್ದರೆ ತಂಡೇಲ, ಅಂದರೆ ಮಂಜಿ ನಡೆಸುವ ಮುಖ್ಯಸ್ಥ, ನಿಶ್ಚಿಂತೆಯಾಗಿ ಗೊರಕೆ ಹೊಡೆಯುತ್ತಿದ್ದ. ಇದು ಬಡಾಯಿ ಅಲ್ಲ. ಗೊರಕೆಗೆ ಐದು ಜನ ಸಾಕ್ಷಿ ಇದ್ದಾರೆ.

ಕೆಂಚೇಶನನ್ನು ಮಂಜಿಗೆ ಕರೆತಂದವನು ನಾನೇ. ಸಂತೇಬೆನ್ನೂರಿನ ಸಂತೆಯಲ್ಲಿ ಅವನು ತಳ್ಳುಗಾಡಿಯಲ್ಲಿ ಮಿರ್ಚಿ, ಮಂಡಕ್ಕಿ ಮಾರುತ್ತಿದ್ದ. ನಮ್ಮ ಹಳೆಯ ಭಂಡಾರಿ ಕಣ್ಣು ಮಂಜಾಗಿ ಬಿಟ್ಟುಹೋಗಿದ್ದ, ಹುಡುಕಿಕೊಂಡು ಬಾ ಅಂತ ತಂಡೇಲ ನನ್ನನ್ನು ಊರಿಗೆ ಕಳಿಸಿದ್ದ. ಗಾಳಿಗೆ ಒಲೆ ಆರದ ಹಾಗೆ ಗಾಡಿಯನ್ನು ತಿರುಗಿಸಿ ತಿರುಗಿಸಿ ನಿಲ್ಲಿಸುತ್ತಿದ್ದ ಕೆಂಚೇಶನನ್ನು ನೋಡಿ, ಇವನೇ ಅಂದುಕೊಂಡೆ.

“ಸಮುದ್ರ ನೋಡಿಯೇನೋ?” ಅಂದೆ.

“ಶಾಂತಿಸಾಗರ ನೋಡೀನಿ ಮಾವ. ಸೂಳೆಕೆರೆ.”

“ಅದರಪ್ಪನ್ನ ತೋರಿಸ್ತೀನಿ ಬಾ.”

“ಅಲ್ಲಿ ಮಂಡಕ್ಕಿ ತಿಂತಾರಾ?”

“ತಿನ್ನಾಕೆ ಕಲಿಸೋಣ.”

ಕಲಿಸಿದ. ಮೊದಲ ಪಯಣದಲ್ಲಿ ಎರಡು ದಿನ ವಾಂತಿ ಮಾಡಿಕೊಂಡು ಬಿದ್ದಿದ್ದವನು ಮೂರನೇ ದಿನ ಎದ್ದು, ಕುಚ್ಚಲಕ್ಕಿ ಗಂಜಿ ಉಂಡು ಬೆಳೆದ ಕರಾವಳಿಯವರಿಗೆ ಒಗ್ಗರಣೆ ಮಂಡಕ್ಕಿ ಕೊಟ್ಟ. ತಿಂಗಳಾಗುವಷ್ಟರಲ್ಲಿ ಅವರು ಅದಿಲ್ಲದೆ ಲಂಗರು ಎತ್ತುತ್ತಿರಲಿಲ್ಲ. ಮಂಜಿಯ ಹಿಂಬದಿಯಲ್ಲಿ ಮರಳು ತುಂಬಿದ ಒಂದು ಮರದ ಪೆಟ್ಟಿಗೆ, ಅದರಲ್ಲಿ ಅವನ ಒಲೆ. ತಲೆಗೆ ಯಾವಾಗಲೂ ಕೆಂಪು ಟವೆಲ್. ಮಂಜಿ ಎಷ್ಟು ಹೊಯ್ದಾಡಿದರೂ ಸಾರು ಚೆಲ್ಲದ ಹಾಗೆ ಸೊಂಟದಿಂದ ಮೇಲೆ ಅಲುಗದೆ ನಿಲ್ಲುತ್ತಿದ್ದ. ನಾನು ಅನೇಕ ವಿಷಯಗಳಲ್ಲಿ ಬಲ್ಲವನು. ಆದರೆ ಆ ನಿಲುವು ನನಗೆ ಬರಲಿಲ್ಲ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಇನ್ನೂ ಒಂದು ವಿಷಯ ಒಪ್ಪಿಕೊಳ್ಳುವುದಿದೆ. ಹನ್ನೊಂದು ಅರ್ಜಿಗಳಲ್ಲಿ ನಾನು ಇದನ್ನು ಬರೆದಿರಲಿಲ್ಲ. ನಿಮ್ಮ ಆ ಪವಿತ್ರ ಪಟ್ಟಿ ಇದೆಯಲ್ಲ, ಪ್ರತಿ ಸಲ ಹೊರಡುವ ಮುಂಚೆ ಬಂದರಿಗೆ ಕೊಡಬೇಕಾದ ಸಿಬ್ಬಂದಿ ಪಟ್ಟಿ, ಅದನ್ನು ಬರೆಯುತ್ತಿದ್ದವನು ನಾನು. ತಂಡೇಲನಿಗೆ ಅಕ್ಷರ ಬರುತ್ತಿರಲಿಲ್ಲ. ಡಿಗ್ರಿ ಪಾಸಾದ ಅಕ್ಷರ ಇಟ್ಟುಕೊಂಡ ನಾನು ಸುಮ್ಮನಿರುತ್ತೇನೆಯೇ? ಪೆನ್ನು ಕಿತ್ತುಕೊಂಡು ಬರೆಯುತ್ತಿದ್ದೆ, ಗೆರೆ ಹೊಡೆದು, ಮುತ್ತು ಪೋಣಿಸಿದ ಹಾಗೆ. ಕೆಂಚೇಶ್ ಬಂದ ಮೊದಲ ವರ್ಷ ಅವನ ಹೆಸರೂ ಪಟ್ಟಿಯಲ್ಲಿತ್ತು. ಆ ವರ್ಷವೇ ಎರಡು ಪಯಣದಲ್ಲಿ ಅಕ್ಕಿ ದಾರಿಯಲ್ಲೇ ಮುಗಿಯಿತು. ಎಲ್ಲರೂ ಹೊಸ ಭಂಡಾರಿಯ ಕೈಗುಣ ಸರಿಯಿಲ್ಲ ಅನ್ನತೊಡಗಿದರು. ಕರೆತಂದವನು ನಾನು. ಮಾನ ಹೋಗುವುದು ನನ್ನದು.

ಆಗ ನಾನೊಂದು ಶಾಸ್ತ್ರ ಹೇಳಿದೆ. ನಮ್ಮ ಕಡೆ ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತೇವೆ. ಲಾಭ, ಎರಡು, ಮೂರು. ಹಾಗೆಯೇ ನಮ್ಮ ಮನೆತನದಲ್ಲಿ ಪಂಕ್ತಿಗೆ ಎಲೆ ಎಣಿಸುವಾಗ ಬಡಿಸುವವನನ್ನು ಎಣಿಸುತ್ತಿರಲಿಲ್ಲ. ಅನ್ನದ ಕೈಯನ್ನು ಎಣಿಸಿದರೆ ಅನ್ನ ಕಡಿಮೆ ಬೀಳುತ್ತದೆ ಅಂತ ನಮ್ಮಜ್ಜಿಯ ಮಾತು. “ನೋಡ್ರಿ, ನೀವು ಭಂಡಾರಿನ ಎಣಿಸಾಕತ್ತಿದ್ದಕ್ಕೇ ಅಕ್ಕಿ ಮುಗ್ದೈತೆ, ಹುಡುಗನ ಕೈಗುಣ ಅಲ್ಲ” ಅಂದೆ. ತಂಡೇಲ ಮೊದಲು ನಕ್ಕ. ಆದರೆ ಸಮುದ್ರದ ಮೇಲಿರುವವರು ಯಾವ ಶಾಸ್ತ್ರವನ್ನೂ ಪೂರ್ತಿ ನಕ್ಕು ಬಿಡುವುದಿಲ್ಲ. ಮುಂದಿನ ಸಲ ಹೊರಡುವಾಗ ತಲೆ ಎಣಿಸಿದ, ಕೆಂಚೇಶನನ್ನು ಬಿಟ್ಟು. ನಾನೂ ಪಟ್ಟಿಯಿಂದ ಹೆಸರು ಬಿಟ್ಟೆ. ಆ ಪಯಣದಲ್ಲಿ ಅಕ್ಕಿ ಮಿಕ್ಕಿತು! ಅಂದಿನಿಂದ ಅದೇ ಪದ್ಧತಿ. ಎಣಿಸದವನಿಗೆ ಮರ್ಯಾದೆಯೂ ಬೇರೆಯೇ ಇತ್ತು. ಎಲ್ಲರೂ ಉಂಡಾದ ಮೇಲೆ ತಂಡೇಲ ತನ್ನ ಕೈಯಾರೆ ಅವನಿಗೊಂದು ತಟ್ಟೆ ಬಡಿಸುತ್ತಿದ್ದ. ಹದಿಮೂರು ವರ್ಷದಲ್ಲಿ ಒಂದು ದಿನವೂ ತಪ್ಪಲಿಲ್ಲ.

ಎಷ್ಟೋ ವರ್ಷದ ಮೇಲೆ ಕೆಂಚೇಶ್ ನನ್ನ ಕಿವಿಯಲ್ಲಿ ಹೇಳಿದ: “ಮಾವ, ನಿಮ್ಮ ಶಾಸ್ತ್ರದಿಂದ ಅಲ್ಲ. ಅವತ್ತಿಂದ ಹೊರಡಾಗ ನಾನೇ ಒಂದು ಚೀಲ ಜಾಸ್ತಿ ಹಾಕಿಸ್ತೀನಿ.”

“ಯಾಕೋ ಹೇಳ್ಲಿಲ್ಲ?”

“ಹೇಳಿದ್ರೆ ನಿಮ್ ಮುಖ ನೋಡಾಕೆ ಆಗ್ತಿರ್ಲಿಲ್ಲ. ಅಷ್ಟು ಖುಷಿಯಾಗಿದ್ರಿ.”

ಆಗಲಾದರೂ ನಾನು ಪಟ್ಟಿ ಸರಿಮಾಡಬೇಕಿತ್ತು. ಮಾಡಲಿಲ್ಲ. ನನ್ನ ಶಾಸ್ತ್ರ ನನಗೆ ಅಷ್ಟು ಪ್ರೀತಿ.

ಇದನ್ನು ಓದಿ, ಕಂಡಿರಾ, ತಪ್ಪು ಅವನದೇ ಎಂದು ಕುರ್ಚಿಯಲ್ಲಿ ಹಿಂದಕ್ಕೆ ಒರಗಬೇಡಿ. ಹೊರಡುವ ಮುಂಚೆ ಮಂಜಿ ಹತ್ತಿ ತಲೆ ಎಣಿಸಬೇಕಾದವರು ಯಾರು? ನಿಮ್ಮ ಕಚೇರಿಯವರು. ಎಣಿಸಲಿಲ್ಲ ಅಂತ ನಾನು ಹೇಳುವುದಿಲ್ಲ. ಬರುತ್ತಿದ್ದರು. ಬಂದು, ಒಲೆ ಪೆಟ್ಟಿಗೆಯ ಪಕ್ಕದ ಹಲಗೆಯ ಮೇಲೆ ಕೂರುತ್ತಿದ್ದರು. ಕೆಂಚೇಶ್ ಕೊಟ್ಟ ಮಂಡಕ್ಕಿ ತಿಂದು, ಅವನು ಕೊಟ್ಟ ಚಾ ಕುಡಿದು, ಅವನ ಹೆಗಲ ಮೇಲಿನ ಬಟ್ಟೆಯಲ್ಲಿ ಕೈ ಒರೆಸಿಕೊಂಡು, ‘ಏಳು ಜನ, ಸರಿ ಇದೆ’ ಅಂತ ಸಹಿ ಹಾಕುತ್ತಿದ್ದರು. ನಾನು ಅಜ್ಜಿಯ ಮಾತು ಕೇಳಿ ಎಣಿಸಲಿಲ್ಲ. ಅವರು ಯಾರ ಅಜ್ಜಿಯ ಮಾತು ಕೇಳಿ ಎಣಿಸಲಿಲ್ಲ? ಇಲ್ಲದ ಮನುಷ್ಯನ ಕೈಯಿಂದ ಹದಿಮೂರು ವರ್ಷ ಮಂಡಕ್ಕಿ ತಿಂದ ನಿಮ್ಮ ಸಿಬ್ಬಂದಿಗೆ ಅದು ಜೀರ್ಣವಾದದ್ದು ಹೇಗೆ?

ಆ ದಿನದ ಸಂಗತಿ ನಿಮ್ಮ ವರದಿಯಲ್ಲಿ ನಾಲ್ಕು ಸಾಲಿದೆ. ನಾನು ಸ್ವಲ್ಪ ಹೆಚ್ಚು ಹೇಳುತ್ತೇನೆ. ದಡ ಬಿಟ್ಟು ಎರಡನೇ ದಿನ. ಕೆಳಗೆ ಸಿಮೆಂಟ್, ಮೇಲೆ ಈರುಳ್ಳಿ ಚೀಲ. ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅಲೆ ಎತ್ತರವಾಗಿತ್ತು, ಹೆದರುವಂಥದ್ದೇನಲ್ಲ. ಇದ್ದಕ್ಕಿದ್ದಂತೆ ಹಸಿ ಹುಣಸೆ ಕೊಂಬೆ ಸೀಳಿದಂಥ ಸದ್ದು. ಎಡಗಡೆಯ ಹಲಗೆಯೊಂದು ಬಿಟ್ಟುಕೊಂಡಿತ್ತು. ಪಂಪು ಹಾಕಿದೆವು. ನೀರಿಗೆ ಸಿಮೆಂಟ್ ಸೇರಿ ಪಂಪಿನ ಗಂಟಲು ಕಟ್ಟಿತು. ಸಿಮೆಂಟ್ ನೀರು ಕುಡಿಯಿತು, ಘಟ್ಟದಮ್ಮ ಭಾರವಾದಳು. ಅರ್ಧ ಗಂಟೆ ಬಕೆಟ್ಟಿನಲ್ಲಿ ಎತ್ತಿ ಸುರಿದೆವು. ಆಮೇಲೆ ತಂಡೇಲ ಚಿಕ್ಕ ದೋಣಿ ಇಳಿಸಿ ಅಂದ. ಅವನು ಅದನ್ನು ಹೇಳಿದ ದನಿ ನನಗೆ ಗೊತ್ತಿದೆ, ಬರೆಯಲು ಬರುವುದಿಲ್ಲ.

ಏಳು ಜನ ದೋಣಿಗೆ ಇಳಿದೆವು. ಕೆಂಚೇಶ್ ಮೇಲಿಂದ ಮೊದಲು ಮಂಡಕ್ಕಿ ಚೀಲ ಕೊಟ್ಟ, ಆಮೇಲೆ ಕುಡಿಯುವ ನೀರಿನ ಕ್ಯಾನು ಕೊಟ್ಟ. ನಾನು ಕೂಗಿದೆ: “ಸಾಕು, ಇಳಿಯೋ!”

“ಒಂದು ಕ್ಯಾನು ಭಾಳ ದಿನ ಬರಲ್ಲ ಮಾವ. ಇನ್ನೊಂದು ಐತೆ, ತಂದ್ಬಿಡ್ತೀನಿ.”

ಒಲೆ ಪೆಟ್ಟಿಗೆಯ ಕಡೆ ಹೋದ. ಆ ಕಡೆಯಿಂದಲೇ ಘಟ್ಟದಮ್ಮ ಕೂತುಬಿಟ್ಟಳು. ಮುಂದಿನ ಕಂಬ ಒಮ್ಮೆ ನೆಟ್ಟಗೆ ಆಕಾಶಕ್ಕೆ ನಿಂತಿತು, ಆಮೇಲೆ ಇಲ್ಲ. ಈರುಳ್ಳಿ ಚೀಲಗಳು ಒಡೆದು, ಕಣ್ಣು ಹಾಯಿಸಿದಷ್ಟೂ ಸಮುದ್ರದ ಮೇಲೆ ಈರುಳ್ಳಿ ತೇಲಿತು. ಜಗಳೂರಿನ ಕೆಂಪು ಈರುಳ್ಳಿ. ನಾವು ಹುಡುಕುತ್ತಿದ್ದುದು ಒಂದು ಕೆಂಪು ಟವೆಲ್. ನೋಡಿದಲ್ಲೆಲ್ಲ ಕೆಂಪು. ಅಲ್ಲಿ ಅಂದರೆ ಅಲ್ಲಿ, ಇಲ್ಲಿ ಅಂದರೆ ಇಲ್ಲಿ. ಬೆಳಕು ಇರುವವರೆಗೂ ಹುಟ್ಟು ಹಾಕಿದೆವು. ಸಿಕ್ಕಿದ್ದೆಲ್ಲ ಈರುಳ್ಳಿ.

ಎರಡು ದಿನ ದೋಣಿಯಲ್ಲಿದ್ದೆವು. ಕ್ಯಾನಿನ ಮುಚ್ಚಳದಲ್ಲಿ ಅಳೆದು ತಂಡೇಲ ನೀರು ಕೊಡುತ್ತಿದ್ದ. ಮೊದಲ ಸರದಿ ಏಳು ಜನರಿಗೆ ಮುಗಿದ ಮೇಲೆ, ಇನ್ನೊಂದು ಮುಚ್ಚಳ ತುಂಬಿ ಕೈ ಮುಂದೆ ಚಾಚಿದ. ಭಂಡಾರಿಗೆ ಕೊನೆಗೆ ಕೊಟ್ಟು ರೂಢಿಯಾದ ಕೈ ಅದು. ಚಾಚಿದ ಮೇಲೆ ಅವನಿಗೂ ತಿಳಿಯಿತು. ವಾಪಸ್ ಕ್ಯಾನಿಗೆ ಹಾಕಲಿಲ್ಲ, ಸಮುದ್ರಕ್ಕೆ ಸುರಿದ. ನಾಲಿಗೆ ಒಣಗಿ ಮರವಾಗಿದ್ದ ಏಳು ಜನ ನೋಡುತ್ತ ಕೂತಿದ್ದೆವು. ಒಬ್ಬನೂ ಬೇಡ ಅನ್ನಲಿಲ್ಲ. ಮೂರನೇ ದಿನ ಬೆಳಿಗ್ಗೆ ಮೀನುಗಾರರ ಬೋಟು ನಮ್ಮನ್ನು ಎತ್ತಿಕೊಳ್ಳುವವರೆಗೂ ಪ್ರತಿ ಸರದಿಗೂ ಎಂಟು ಮುಚ್ಚಳ ಅಳೆದ. ಹೆಬ್ಬೆಟ್ಟಿನ ಮನುಷ್ಯ, ಸಾವಿನ ಬಾಯಲ್ಲಿ ಕೂತು ಎಂಟು ಎಣಿಸಿದ. ನೀವು ಫ್ಯಾನಿನ ಕೆಳಗೆ, ತಣ್ಣೀರಿನ ಗ್ಲಾಸಿನ ಪಕ್ಕ ಕೂತು ಏಳು ಎಣಿಸಿದಿರಿ.

ದಡಕ್ಕೆ ತಂದ ದಿನ ನನಗೆ ಜ್ವರ. ನಿಮ್ಮ ಗುಮಾಸ್ತರು ಹೇಳಿಕೆಯ ಕಾಗದ ಹಿಡಿದು ಬಂದರು. ಎಂಟು ಜನ ಅಂದೆ. ಪಟ್ಟಿ ತೆಗೆದು ತೋರಿಸಿದರು: “ಏಳೇ ಉಂಟಲ್ಲ. ಈಗ ಸಹಿ ಹಾಕಿ ಮಾರಾಯ್ರೆ, ಹೆಸರು ಮತ್ತೆ ಸೇರಿಸುವ. ಈಗ ಎಂಟು ಅಂದರೆ ನಿಮ್ಮ ತಂಡೇಲನ ಲೈಸೆನ್ಸಿಗೇ ಬರ್ತದೆ.” ಪಟ್ಟಿಯಲ್ಲಿ ನನ್ನದೇ ಮುತ್ತಿನಂಥ ಅಕ್ಷರ ನನ್ನನ್ನು ನೋಡುತ್ತಿತ್ತು. ತಂಡೇಲ ಗೋಡೆಯ ಕಡೆ ಮುಖ ಮಾಡಿ ಹೆಬ್ಬೆಟ್ಟು ಒತ್ತಿದ. ನಾನೂ ಸಹಿ ಹಾಕಿದೆ. ಕರಾವಳಿಯ ‘ಮತ್ತೆ’ ಅಂದರೆ ನಮ್ಮ ಕಡೆಯ ‘ಆಮೇಲೆ’; ನಿಮ್ಮ ಕಚೇರಿಯ ಭಾಷೆಯಲ್ಲಿ ಅದು ಎಷ್ಟು ವರ್ಷ, ಮಾನ್ಯರೇ? ತಂಡೇಲ ಹೋದ ವರ್ಷ ತೀರಿಕೊಂಡ. ಅವನ ಪಾಲಿಗೆ ಆ ‘ಮತ್ತೆ’ ಬರಲೇ ಇಲ್ಲ.

ಪ್ರಾಣಹಾನಿ ಇಲ್ಲ ಎಂದು ನೀವು ಬರೆದ ಮೇಲೆ ಕೆಂಚೇಶನ ಊರಿನಲ್ಲಿ ಏನಾಯಿತು ಗೊತ್ತೇ? ಅವನ ಹೆಂಡತಿ ಉಚ್ಚಂಗೆಮ್ಮನನ್ನು ಜನ ಕೇಳಿದರು: ಸರ್ಕಾರದ ಕಾಗದದಾಗೆ ಯಾರೂ ಸತ್ತಿಲ್ಲ ಅಂತೈತೆ, ಹಂಗಾದ್ರೆ ನಿನ್ ಗಂಡ ಎಲ್ಲಿ? ಉತ್ತರವನ್ನೂ ಅವರೇ ಕೊಟ್ಟುಕೊಂಡರು. ದ್ವೀಪದಲ್ಲಿ ಯಾರನ್ನೋ ಕಟ್ಟಿಕೊಂಡಿದ್ದಾನೆ, ಅಲ್ಲೊಂದು ಮಂಡಕ್ಕಿ ಹೋಟೆಲ್ ಇಟ್ಟಿದ್ದಾನೆ, ಇಬ್ಬರು ಮಕ್ಕಳಂತೆ. ಬಾಯಿಂದ ಬಾಯಿಗೆ ಹೋಗುವಾಗ ಮಕ್ಕಳಿಗೆ ಹೆಸರೂ ಇಟ್ಟರು. ಮಗಳು ಚೈತ್ರಶ್ರೀಯನ್ನು ನೋಡಲು ಬಂದ ಗಂಡಿನ ಕಡೆಯವರು ಚಾ ಕುಡಿದು ಲೋಟ ಕೆಳಗಿಡುತ್ತ ಕೇಳಿದರಂತೆ, “ಅಪ್ಪ ಯಾವ ದ್ವೀಪದಾಗೆ ಅದಾನಮ್ಮ?” ಅಂತ. ಹುಡುಗಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಅಂದಿನಿಂದ ಯಾರೇ ನೋಡಲು ಬರುತ್ತೇವೆ ಅಂದರೂ ಬೇಡ ಅನ್ನುತ್ತಾಳೆ.

ನಾನು ಹೋಗಿ ಹೇಳಿದರೆ ನಂಬುವುದಿಲ್ಲವೇ ಎಂದು ಕೇಳಬಹುದು. ನಂಬುವುದಿಲ್ಲ. ಅದೂ ನನ್ನದೇ ಗಳಿಕೆ. ನಲವತ್ತು ವರ್ಷ ಊರಿಗೆ ಬಂದಾಗಲೆಲ್ಲ ನಾನು ತಿಮಿಂಗಿಲದ ಬೆನ್ನ ಮೇಲೆ ಕೂತು ಬೀಡಿ ಸೇದಿದ ಕಥೆ ಹೇಳಿದವನು. ನ್ಯಾಮತಿಯ ಬಸ್ ಸ್ಟ್ಯಾಂಡಿನ ಹತ್ತಿರ ಚಾ ಅಂಗಡಿ ಇಟ್ಟಿರುವ ಪ್ರವೀಣ್ ಕುಮಾರ್ ನನ್ನನ್ನು ಕಂಡ ಕೂಡಲೇ, “ಹಾಲಸ್ವಾಮಣ್ಣ ಬಂದ್ರು, ಎಲ್ಲಾರೂ ಪಂಚೆ ಎತ್ತಿ ಕಟ್ಕಳ್ರಪ್ಪಾ, ಅಲೆ ಬರ್ತೈತೆ” ಅನ್ನುತ್ತಾನೆ. ಕೆಂಚೇಶ್ ಸತ್ತ ಸಂಗತಿ ಹೇಳಿದ ದಿನ ಅಲ್ಲಿದ್ದವರು ಕಥೆ ಮುಗಿಯಲಿ ಅಂತ ಕಾದರು. ತಿಮಿಂಗಿಲ ಯಾವಾಗ ಬರುತ್ತದೆ ಅಂತ ಕಾದರು. ಬರದಿದ್ದಾಗ ಎದ್ದು ಹೋದರು. ಸುಳ್ಳನ್ನು ಇಷ್ಟು ಚೆಂದ ಹೇಳುವವನ ಬಾಯಲ್ಲಿ ನಿಜ ಬಂದರೆ ಅದಕ್ಕೆ ನಿಲ್ಲಲು ಜಾಗ ಸಿಗುವುದಿಲ್ಲ ಸ್ವಾಮಿ. ಆದ್ದರಿಂದಲೇ ನನಗೆ ನಿಮ್ಮ ಕಾಗದ ಬೇಕು. ನಿಮ್ಮ ಮೇಲಿನ ಭಕ್ತಿಯಿಂದಲ್ಲ. ಜನ ನನ್ನನ್ನು ನಂಬುವುದಿಲ್ಲ, ನಿಮ್ಮ ಮೊಹರನ್ನು ನಂಬುತ್ತಾರೆ. ಈ ದೇಶದ ಸಮಸ್ಯೆಗಳ ಪೈಕಿ ಇದೂ ಒಂದು.

ಉಚ್ಚಂಗೆಮ್ಮ ನನ್ನನ್ನು ಕೇಳಿದ್ದು ಒಂದೇ ಮಾತು. “ಮಾವ, ಸತ್ತ ಅಂತ ಬರ್ಸಿಕೊಡ್ರಿ ಅಂತ ನಾನು ಕೇಳ್ತಿಲ್ಲ. ಅದು ನಂಗೆ ಗೊತ್ತೈತೆ. ಹಡಗಿನಾಗೆ ಇದ್ದ ಅಂತ ಬರ್ಸಿಕೊಡ್ರಿ, ಸಾಕು.” ಆಮೇಲೆ ಕೇಳಿದಳು, “ಪಟ್ಟಿ ಬರ್ದೋರು ಯಾರು ಮಾವ?” ನಾನು, ಮಾತಿಗೆ ಎಂದೂ ತಡಕಾಡದ ಹಾಲಸ್ವಾಮಿ, “ಆಫೀಸಿನೋರು” ಅಂದೆ. ಮೂರು ವರ್ಷ ಅವಳು ಆಫೀಸಿನವರಿಗೆ ಶಾಪ ಹಾಕಿದಾಗಲೆಲ್ಲ ನಾನು ತಲೆ ಆಡಿಸಿದೆ. ಆ ಶಾಪದಲ್ಲಿ ಅರ್ಧ ನಿಮಗೆ ಸೇರಬೇಕಾದದ್ದಲ್ಲ. ಆ ಅರ್ಧವನ್ನು ಈ ಮೂಲಕ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಉಳಿದರ್ಧ ನೀವೇ ಇಟ್ಟುಕೊಳ್ಳಿ.

ಪತ್ರಿಕೆಗೆ ಕೊಡುವ ಮುಂಚೆ ಹೋದ ಸೋಮವಾರ ಬಸ್ಸು ಹತ್ತಿ ಹೋಗಿ ಈ ಪತ್ರವನ್ನು ಅವಳ ಮುಂದೆ ಓದಿದೆ. ಅವಳು ಅಂಗಳದಲ್ಲಿ ಈರುಳ್ಳಿ ಹಸನು ಮಾಡುತ್ತಿದ್ದಳು. ಪಟ್ಟಿಯ ವಿಷಯ ಬಂದಾಗ ಅವಳ ಕೈ ನಿಂತಿತು. ನಾನು ತಲೆ ಎತ್ತದೆ ಓದಿ ಮುಗಿಸಿದೆ. ಅವಳು ಕೈಯಲ್ಲಿದ್ದ ಈರುಳ್ಳಿಯನ್ನು ಮೊರಕ್ಕೆ ಹಾಕಿ, ಮೊರವನ್ನು ಪಕ್ಕಕ್ಕೆ ಸರಿಸಿದಳು.  

ಆಮೇಲೆ ಅಂದಳು: “ಎಣಿಸ್ರಿ.”

“ಏನಮ್ಮ?”

“ಹಡಗಿನಾಗೆ ಯಾರ್ಯಾರಿದ್ರು, ನನ್ ಮುಂದೆ ಎಣಿಸ್ರಿ. ಬಾಯಿ ಬಿಟ್ಟು.”

ಎಣಿಸಿದೆ. ತಂಡೇಲನಿಂದ ಶುರುಮಾಡಿದೆ, ರೂಢಿಯಂತೆ ‘ಲಾಭ’ ಅಂದೆ.

“ಲಾಭ ಗೀಭ ಬ್ಯಾಡ. ಒಂದು ಅನ್ರಿ.”

ಒಂದು, ಎರಡು, ಮೂರು. ಏಳು ಅಂದಾಗ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಎಂಟು, ಕೆಂಚೇಶ್ ಅಂದೆ. ಅವಳು ಮೊರ ಹತ್ತಿರಕ್ಕೆ ಎಳೆದುಕೊಂಡು ಮತ್ತೆ ಈರುಳ್ಳಿಗೆ ಕೈ ಹಾಕಿದಳು. “ಕಳಿಸ್ರಿ” ಅಂದಳು. “ನಿಮ್ ಹೆಸ್ರು ದಪ್ಪಕ್ಕೆ ಹಾಕ್ರಿ, ತಪ್ಪಿಸ್ಕಳಾಕೆ ಆಗ್ಬಾರ್ದು.” ಹೋಗುವಾಗ ಚಾ ಕುಡಿದು ಹೋಗಿ ಅನ್ನಲಿಲ್ಲ. ಅದು ಅವಳ ಹಕ್ಕು.

ಈಗ ನಮ್ಮ ವ್ಯವಹಾರ. ನನ್ನ ಬೇಡಿಕೆ ಒಂದು ಸಾಲಿನದು. ನಿಮ್ಮ ವರದಿಯ ಕೊನೆಯ ಸಾಲಿಗೆ ಗೀಟು ಎಳೆದು ಹೀಗೆ ಬರೆಯಿರಿ: “ನೌಕೆಯಲ್ಲಿದ್ದವರು ಎಂಟು. ಮರಳಿದವರು ಏಳು. ಮರಳದವರು: ಕೆಂಚೇಶ್, ಭಂಡಾರಿ.” ಬದುಕಿರುವ ಉಳಿದ ಐವರ ಸಹಿ, ಹೆಬ್ಬೆಟ್ಟು ಸಮೇತ ಹೇಳಿಕೆಯನ್ನು ನಿಮ್ಮ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಪರಿಹಾರ ಗಿರಿಹಾರದ ಮಾತು ಇದರಲ್ಲಿಲ್ಲ, ಹೆದರಬೇಡಿ. ಒಂದು ಪೆನ್ನು, ಒಂದು ಮೊಹರು, ಎರಡು ನಿಮಿಷ.

ಅವಕಾಶವಿರುವುದಿಲ್ಲ ಅನ್ನುತ್ತೀರಾ? ಹಾಗಾದರೆ ಇನ್ನೊಂದು ದಾರಿ ತೋರಿಸುತ್ತೇನೆ. ಆರನೇ ಕ್ಲಾಸಿನವನ ಬುದ್ಧಿ ಇಷ್ಟೇ ಅಂದುಕೊಳ್ಳಿ. ಹದಿಮೂರು ವರ್ಷ ಸರ್ಕಾರಿ ಕಚೇರಿಗೆ ಸುಳ್ಳು ಪಟ್ಟಿ ಬರೆದುಕೊಟ್ಟಿದ್ದೇನೆ ಎಂದು ಹಾಲಸ್ವಾಮಿಯಾದ ನಾನು, ಸ್ವಂತ ಬುದ್ಧಿಯಿಂದ, ಹತ್ತಾರು ಸಾವಿರ ಓದುಗರ ಸಾಕ್ಷಿಯಲ್ಲಿ ಇಲ್ಲಿ ಒಪ್ಪಿಕೊಂಡಿದ್ದೇನೆ. ಅಕ್ಷರ ನನ್ನದೇ, ಹೋಲಿಸಿ ನೋಡಬಹುದು, ಅಂಥ ಅಕ್ಷರ ಇನ್ನೊಬ್ಬರಿಗಿಲ್ಲ. ನನ್ನ ಮೇಲೆ ಕೇಸು ಹಾಕಿ. ನ್ಯಾಮತಿಯಿಂದ ಬಸ್ಸಿದೆ, ಕರೆದ ದಿನ ನಾನೇ ಇಳಿದು ಬರುತ್ತೇನೆ, ಕೈ ಮುಂದೆ ಚಾಚುತ್ತೇನೆ. ಆದರೆ ಪಟ್ಟಿ ಸುಳ್ಳು ಎಂದು ನನ್ನನ್ನು ಹಿಡಿಯಬೇಕಾದರೆ, ಮಂಜಿಯಲ್ಲಿ ಏಳಲ್ಲ, ಎಂಟು ಜನರಿದ್ದರು ಎಂದು ಮೊದಲು ನೀವು ಬರೆಯಬೇಕಾಗುತ್ತದೆ. ನನ್ನನ್ನು ಬಿಟ್ಟುಬಿಟ್ಟರೆ, ಅಪರಾಧ ಒಪ್ಪಿಕೊಂಡವನನ್ನು ಯಾಕೆ ಬಿಟ್ಟಿರಿ ಎಂದು ಇದೇ ಪತ್ರಿಕೆಯಲ್ಲಿ ಕೇಳುತ್ತೇನೆ, ಪ್ರತಿ ತಿಂಗಳೂ ಕೇಳುತ್ತೇನೆ. ಕೆಂಚೇಶನ ಹೆಸರು ಬರೆದು ಅವನ ಹೆಂಡತಿಗೆ ಮರ್ಯಾದೆ ಕೊಡುತ್ತೀರೋ, ಅವನ ಹೆಸರು ಬರೆದು ನನ್ನನ್ನು ಒಳಗೆ ಹಾಕುತ್ತೀರೋ, ಆಯ್ಕೆ ನಿಮ್ಮದು. ಎರಡಕ್ಕೂ ಅವನ ಹೆಸರು ಬರೆಯಲೇಬೇಕು.

ಬರೆಯುವಾಗ ಮಾತ್ರ ಸ್ವಲ್ಪ ದುಂಡಗೆ ಬರೆಸಿ. ಮಗಳು ಓದುತ್ತಾಳೆ.

ಇಂತಿ,
ನಿಮ್ಮ ಸಮನ್ಸಿಗೆ ಬಟ್ಟೆ ಇಸ್ತ್ರಿ ಮಾಡಿಸಿ ಕಾದಿರುವ,
ಎಂಟರವರೆಗೆ ಎಣಿಸಲು ಅರವತ್ತೇಳನೇ ವಯಸ್ಸಿಗೆ ಕಲಿತ,
ಹಾಲಸ್ವಾಮಿ
(ದಪ್ಪಕ್ಷರದಲ್ಲಿ, ಉಚ್ಚಂಗೆಮ್ಮನ ಅಪ್ಪಣೆಯಂತೆ)
‘ಅಂತರಘಟ್ಟಮ್ಮ’ ಮಂಜಿಯ ಚುಕ್ಕಾಣಿಯವನು, ಸುಳ್ಳು ಪಟ್ಟಿ ಬರೆದವನು
ನ್ಯಾಮತಿ